ಶಾಲಿನೊಳಗಿನ ಕೈ

ಕಂಪನಿಯ ಕಾರು ಇನ್ನೂ ಬಂದಿರಲಿಲ್ಲ. ಮಡಿವಾಳಪ್ಪ ಗೇಟಿನ ಹತ್ತಿರ ನಿಂತು ಕೋಟಿನ ಗುಂಡಿ ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದರು. ಒಳಗೆ ಕೂತು ಕಾಯಬಹುದಿತ್ತು. ಡ್ರೈವರ್ ಬೀರಲಿಂಗಪ್ಪ ಬಂದರೆ ಹಾರ್ನ್ ಮಾಡದೆ ಬಿಡುವವನಲ್ಲ. ಆದರೆ ಒಳಗಿಂದ ಎದ್ದು ಬಂದು ಹತ್ತಿಬಿಟ್ಟರೆ ಧಾರವಾಡದ ಸಪ್ತಾಪುರದ ಈ ಓಣಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗೇಟಿನಲ್ಲಿ ನಿಂತು ಹತ್ತಿದರೆ ಎದುರಿನ ಕೋಚಿಂಗ್ ಸೆಂಟರಿನ ಹುಡುಗರು, ಇಸ್ತ್ರಿಯವನು, ಪಕ್ಕದ ಮನೆಯ ನಿವೃತ್ತ ತಹಶೀಲ್ದಾರರು ಎಲ್ಲರೂ ನೋಡುತ್ತಾರೆ. ಅದಕ್ಕಾಗಿಯೇ ತಾನು ಇಲ್ಲಿ ನಿಂತಿದ್ದೇನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಮತ್ತು ಗೊತ್ತಿರುವುದಕ್ಕೇ ನಾಚಿಕೆಯಾಗುತ್ತಿತ್ತು. ಆಯುಷ್ಯವನ್ನೆಲ್ಲ ಕಾಲೇಜಿನಲ್ಲಿ ಕಂಪನಿ ಕಾನೂನು ಕಲಿಸುತ್ತ ಕಳೆದ ಮನುಷ್ಯ, ವರ್ಷಕ್ಕೆ ನಾಲ್ಕೈದು ಸಲ ಬರುವ ಒಂದು ಬಿಳಿ ಕಾರಿಗೆ ಮದುವಣಗಿತ್ತಿಯ ಹಾಗೆ ಕಾಯುವುದೆಂದರೆ ಏನು! ನಾಚಿಕೆಯಾಯಿತೆಂದು ಅವರೇನೂ ಒಳಗೆ ಹೋಗಲಿಲ್ಲ.

"ಒಳಗ ಬಂದು ಕೂಡ್ರಬಾರದ? ನಿಮ್ಮನ್ನ ಬಿಟ್ಟು ಕಾರೇನು ತಾನ ಮೀಟಿಂಗ್ ಮಾಡೂದಿಲ್ಲ" ಎಂದಳು ಹೆಂಡತಿ ಶಾಂಭವಿ, ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತ. ಅವಳು ನಗುತ್ತಿರಲಿಲ್ಲ. ಭಾನುವಾರ ಆ ಹುಡುಗಿ ಬಂದು ಹೋದಾಗಿನಿಂದ ಶಾಂಭವಿಯ ಮಾತಿನಲ್ಲಿ ಒಂದು ಕಾಯುವಿಕೆ ಸೇರಿಕೊಂಡಿತ್ತು. ಪರೀಕ್ಷೆಯ ಕೋಣೆಯಲ್ಲಿ ತಾವು ಎಷ್ಟೋ ಸಲ ನಿಂತು ಕಾಯ್ದ ಹಾಗೆಯೇ ಅವಳು ತಮ್ಮನ್ನು ಕಾಯುತ್ತಿದ್ದಾಳೆ ಎನಿಸುತ್ತಿತ್ತು ಮಡಿವಾಳಪ್ಪನವರಿಗೆ.

ಹುಡುಗಿ ಎಂದರೆ ಹುಡುಗಿಯಲ್ಲ, ನಲವತ್ತರ ಹತ್ತಿರದ ಹೆಂಗಸು. ಕೈಯಲ್ಲೊಂದು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಾಗಿಲಲ್ಲಿ ನಿಂತು, "ಸರ್, ಗುರ್ತ ಸಿಕ್ತೇನ್ರಿ? ನಾ ದ್ರಾಕ್ಷಾಯಿಣಿ ರೀ. ಸಂಜಿ ಕಾಲೇಜಿನ್ಯಾಗ ಕಡೀ ಬೆಂಚಿಗೆ ಕೂಡತಿದ್ನಿ" ಎಂದಿದ್ದಳು. ಗುರುತು ಸಿಕ್ಕಿರಲಿಲ್ಲ. "ಗೊತ್ತಾತಲ್ಲವಾ, ಬಾ ಬಾ" ಎಂದುಬಿಟ್ಟರು. ಆವತ್ತಿನ ಮೊದಲನೆಯ ಸುಳ್ಳು ಅದು. ಅಷ್ಟಕ್ಕೇ ಅವಳ ಮುಖ ಅರಳಿದ್ದು ನೋಡಿ ಅವರಿಗೆ ಒಂದು ಥರದ ಭಯವಾಗಿತ್ತು. ಅವಳು ಹುಬ್ಬಳ್ಳಿಯ ಗೋಕುಲ ರಸ್ತೆಯ ವಾಲ್ವ್ ಕಂಪನಿಯಲ್ಲಿ, ಅಂದರೆ ಮಡಿವಾಳಪ್ಪ ಯಾವ ಕಂಪನಿಯ ಸ್ವತಂತ್ರ ನಿರ್ದೇಶಕರೋ ಅದೇ ಕಂಪನಿಯಲ್ಲಿ, ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಕಂಪನಿ ಕಟ್ಟಿದ ಹಿರಿಯ ಸಾಹೇಬರು ಗುರುಶಿದ್ದಪ್ಪನವರು ಬದುಕಿದ್ದಾಗ ಹಳೆಯ ಕೆಲಸಗಾರರಿಗೆಲ್ಲ ಹತ್ತತ್ತು ಶೇರು ಹಂಚಿದ್ದರು. ಹಾಗಾಗಿ ವರ್ಷಕ್ಕೊಮ್ಮೆ ಅವರ ಮನೆಗೂ ಕಂಪನಿಯ ವರದಿ ಬರುತ್ತಿತ್ತು, ನುಣುಪು ಕಾಗದದ ಪುಸ್ತಕ. ಉಳಿದವರು ಅದರ ಹಾಳೆ ಹರಿದು ಮಕ್ಕಳ ಪಾಟಿಪುಸ್ತಕಕ್ಕೆ ರಟ್ಟು ಹಾಕುತ್ತಿದ್ದರು. ಇವಳು ಓದಿದ್ದಳು. ಓದುವುದನ್ನು ಕಲಿಸಿದವರು ತಾವೇ ಇರಬೇಕು.

"ನಿಮ್ಮ ಫೋಟೋ ನೋಡಿದ್ನಿ ಸರ್, ಪುಸ್ತಕದಾಗ. ಸಾಹೇಬರ ಪಗಾರ ಎಷ್ಟಂತ ಮಾಡೂ ಕಮಿಟಿಗೆ ನೀವ ಅಧ್ಯಕ್ಷರಂತ ಬರದಾರ. ಎಲ್ಲಾರಿಗೂ ತೋರ್ಸೀನಿ. ನಮ್ಮ ಸರ್ ಅದಾರ, ಅನ್ಯಾಯ ಆಗಾಕ ಬಿಡೂದಿಲ್ಲ ಅಂದೇನಿ." ಆಮೇಲೆ ಬಾಳೆಹಣ್ಣಿನ ಚಿಪ್ಪನ್ನು ಕೆಳಗಿಟ್ಟು, "ಕಂಪನಿಗೆ ಕಷ್ಟ ಐತಿ, ಪಗಾರ ಏರ್ಸೂದಿಲ್ಲ ಅಂದ್ರು. ಆತ್ರಿ ಅಂದ್ವಿ. ಹೋದ ವರ್ಷಾನೂ ಹಂಗ ಅಂದ್ರು. ಸಂಜಿ ಬಸ್ಸು ಬಂದ್ ಮಾಡಿದ್ರು, ಅದಕ್ಕೂ ಹೂಂ ಅಂದ್ವಿ. ಈಗ ನೋಡಿದ್ರ ಸಣ್ಣ ಸಾಹೇಬರ ಪಗಾರ ಒಂದು ದುಪ್ಪಟ್ಟ ಆಗತೈತಿ ಅಂತಾರ. ಖರೇ ಏನ್ರಿ?" ಎಂದು ಕೇಳಿದ್ದಳು.

ಖರೇ ಇತ್ತು. ಆದರೆ ಹಾಗೆ ಹೇಳುವಂತಿರಲಿಲ್ಲ, ಅದು ಗೋಪ್ಯ. ಮಡಿವಾಳಪ್ಪ ಬಾಳೆಹಣ್ಣಿನ ಕಡೆ ನೋಡುತ್ತ ಕೂತಿದ್ದರು. ಅವಳು ಉತ್ತರಕ್ಕೆ ಕಾಯಲಿಲ್ಲ. ಬುಧವಾರ ಪರದೇಶದ ಗಿರಾಕಿಗಳು ಫ್ಯಾಕ್ಟರಿ ನೋಡಲು ಬರುತ್ತಾರೆ. ಅವತ್ತು ಗೇಟಿನ ಮುಂದೆ ಧರಣಿ ಕೂಡಬೇಕೆಂದು ಹೆಂಗಸರು ನಿಶ್ಚಯ ಮಾಡಿದ್ದಾರೆ. "ಅವತ್ತ ಕೂತ್ರ ಏನರ ಆದೀತು. ಮರುದಿನ ಕೂತ್ರ ನಾಯಿ ಸೈತ ಕೇಳೂದಿಲ್ಲ. ಆದ್ರ ಖರೇ ಹೇಳ್ತೇನಿ ಸರ್, ನಮಗೂ ಅಂಜಿಕಿ ಐತಿ. ಕೆಲಸ ಹೋದ್ರ ಏನ್ ಮಾಡೂದು? ಮಂಗಳವಾರ ನಿಮ್ಮ ಮೀಟಿಂಗ್ ಐತಂತ. ನೀವು ಅಲ್ಲಿ ಒಂದು ಮಾತು ಹೇಳ್ತೇನಿ ಅಂದ್ರ, ಕೂಡೂದು ಬ್ಯಾಡ ಅಂತ ನಾ ಎಲ್ಲಾರಿಗೂ ಹೇಳ್ತೇನಿ."

"ಹೇಳ್ತೇನಿ ತಂಗಿ. ಹೇಳೇ ಹೇಳ್ತೇನಿ" ಎಂದರು ಮಡಿವಾಳಪ್ಪ. ಅದು ಸುಳ್ಳಾಗಿರಲಿಲ್ಲ. ಹೇಳುವಾಗ ಎದೆ ತುಂಬಿ ಬಂದಿತ್ತು. ಶಾಂಭವಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

ಕಾರು ಬಂತು. ಬೀರಲಿಂಗಪ್ಪ ಇಳಿದು ಬಾಗಿಲು ತೆಗೆದ. ತಹಶೀಲ್ದಾರರು ಇವತ್ತು ಹೊರಗೆ ಬಂದಿರಲೇ ಇಲ್ಲ.

ನವನಗರ ದಾಟುವ ತನಕ ಮಡಿವಾಳಪ್ಪ ಮನಸ್ಸಿನಲ್ಲೇ ಭಾಷಣ ಹೊಂದಿಸುತ್ತಿದ್ದರು. ಪಕ್ಕದಲ್ಲಿ, ಬಸ್ಸಿಗಷ್ಟೇ ಮೀಸಲಾದ ಪಟ್ಟಿಯಲ್ಲಿ, ಚಿಗರಿ ಬಸ್ಸು ಇವರನ್ನು ಹಿಂದೆ ಹಾಕಿ ಹೋಯಿತು. ವಾದ ಕಷ್ಟದ್ದೇನಲ್ಲ. ತನ್ನ ಸಂಬಳ ತಾನೇ ಬರೆದುಕೊಳ್ಳುವವನ ಕೈ ಹಿಡಿಯಬೇಕು, ಅದಕ್ಕೇ ಹೊರಗಿನವರ ಒಂದು ಸಮಿತಿ ಇರಬೇಕು. ಆ ಸಮಿತಿ ಲಾಭ ನೋಡಬೇಕು, ಕೆಳಗಿನವರ ಸಂಬಳ ನೋಡಬೇಕು, ಮಾಲೀಕನ ಮುಖ ನೋಡಬಾರದು. ಇಷ್ಟನ್ನು ಅವರು ಎಷ್ಟು ವರ್ಷ ತರಗತಿಯ ಬೋರ್ಡಿನ ಮೇಲೆ ಬರೆದಿರಲಿಕ್ಕಿಲ್ಲ. ಪುಣೆಯ ಒಂದು ಸಲಹಾ ಸಂಸ್ಥೆ ಕಳಿಸಿದ ಅಧ್ಯಯನ ಅವರ ಚೀಲದಲ್ಲಿತ್ತು: ಇಂಥ ಕಂಪನಿಗಳ ಮುಖ್ಯಸ್ಥರಿಗೆ ಸರಾಸರಿ ಇಷ್ಟು ಸಿಗುತ್ತದೆ, ನಮ್ಮವರಿಗೆ ಕಡಿಮೆ ಸಿಗುತ್ತಿದೆ, ಆದ್ದರಿಂದ ಏರಿಸಬೇಕು. ತರಗತಿಯಲ್ಲಿ ಅವರು ಇದಕ್ಕೊಂದು ತಮಾಷೆ ಮಾಡುತ್ತಿದ್ದರು. "ಎಲ್ಲಾ ಕಂಪನಿಯವರೂ ನಮ್ಮ ಸಾಹೇಬರಿಗೆ ಸರಾಸರಿಗಿಂತ ಕಡಿಮಿ ಬ್ಯಾಡ ಅಂದ್ರ, ಸರಾಸರಿ ಎಲ್ಲಿ ಹೋಗಿ ನಿಲ್ತದಪಾ?" ಹುಡುಗರು ನಗುತ್ತಿದ್ದರು. ಕಡೆಯ ಬೆಂಚಿನಲ್ಲಿ ಇವಳೂ ನಕ್ಕಿರಬೇಕು, ದಿನವಿಡೀ ಎಲ್ಲೋ ದುಡಿದು ಬಂದು ಕಣ್ಣಲ್ಲಿ ನಿದ್ದೆ ಇಟ್ಟುಕೊಂಡು. ಅವಳು ನಕ್ಕದ್ದು ಮಾತ್ರವಲ್ಲ, ಆ ಮಾತನ್ನು ನಂಬಿಯೂ ಇದ್ದಳು ಎಂಬುದು ಅವರ ಎಣಿಕೆಯಲ್ಲಿ ಇರಲಿಲ್ಲ. ಮಾಸ್ತರರು ಹೇಳುವುದನ್ನು ಯಾರಾದರೂ ನಂಬುತ್ತಾರೆಯೆ?

ನಿನ್ನೆ ಸಂಜೆ ಸುಲ್ತಾನಾ ಫೋನ್ ಮಾಡಿದ್ದಳು. ಸಮಿತಿಯಲ್ಲಿ ಇದ್ದವರು ಮೂವರೇ: ಅಧ್ಯಕ್ಷರಾಗಿ ತಾವು, ಹುಬ್ಬಳ್ಳಿಯಲ್ಲಿ ಲೆಕ್ಕಪರಿಶೋಧಕಿಯಾಗಿರುವ ಸುಲ್ತಾನಾ, ಮತ್ತು ಗುರುಶಿದ್ದಪ್ಪನವರ ಹಳೆಯ ಗೆಳೆಯ, ಹತ್ತಿ ವ್ಯಾಪಾರದ ಮೈಲಾರಲಿಂಗಪ್ಪ. "ಸರ್, ನಾ ಒಬ್ಬಾಕಿ ಬಾಯಿ ಬಿಟ್ರ ಏನೂ ಆಗೂದಿಲ್ರಿ. ಲೆಕ್ಕದಾಕಿ, ತಕರಾರಿನಾಕಿ ಅಂತ ಮೊದ್ಲ ಹೆಸರೈತಿ. ನೀವು ಹೇಳ್ರಿ, ನಾ ನಿಮ್ಮ ಹಿಂದ ಅದೇನಿ. ಮೂವರಾಗ ಇಬ್ಬರು ಆದ್ವಿ ಅಂದ್ರ ನಿಂತ್ಹೋಗತೈತಿ." ಆಕೆಯ ದನಿಯಲ್ಲಿ ಉತ್ಸಾಹವಿತ್ತು. ಈ ವಯಸ್ಸಿನಲ್ಲಿ ತಮ್ಮ ಹಿಂದೆ ಒಬ್ಬರು ನಿಲ್ಲುತ್ತೇನೆಂದದ್ದು ಮಡಿವಾಳಪ್ಪನವರಿಗೆ ಇಡೀ ಸಂಜೆ ಹಿತವಾಗಿತ್ತು. ಊಟ ಎರಡು ರೊಟ್ಟಿ ಹೆಚ್ಚೇ ಹೋಗಿತ್ತು.

ಉಣಕಲ್ಲಿನ ಕೆರೆ ಬಂತು. ನೀರಿನ ಮೇಲೆ ಹಸಿರು ಕಟ್ಟಿತ್ತು. ಐದು ವರ್ಷದ ಅವಧಿ ಈ ತಿಂಗಳು ಮುಗಿಯುತ್ತದೆ ಎಂಬುದು ಯಾಕೋ ಇಲ್ಲೇ ನೆನಪಾಯಿತು. ಇವತ್ತಿನ ಕಾರ್ಯಸೂಚಿಯಲ್ಲಿ ಅದೂ ಇತ್ತು, ಅವರ ಮರುನೇಮಕ. ಆ ವಿಷಯ ಬಂದಾಗ ಅವರು ಎದ್ದು ಹೊರಗೆ ಹೋಗಬೇಕು, ಕಾನೂನು ಹಾಗಿದೆ. ಬಿಟ್ಟುಹೋದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಪೆನ್ಷನ್ ಇದೆ, ಮನೆ ಇದೆ. ಬೆಳಿಗ್ಗೆ ಪೇಪರು, ಸಂಜೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಎರಡು ಸುತ್ತು, ಆಮೇಲೆ ಟೀವಿ. ನಿವೃತ್ತಿಯಾದ ಮೊದಲ ವರ್ಷ ಹಾಗೇ ಕಳೆದಿದ್ದರು. ಆ ವರ್ಷ ತಮ್ಮನ್ನು ಯಾರೂ ಯಾವುದಕ್ಕೂ ಏನನ್ನೂ ಕೇಳಿರಲಿಲ್ಲ. ಗುರುಶಿದ್ದಪ್ಪನವರು ತಾವಾಗಿ ಮನೆಗೆ ಬಂದು "ಮಾಸ್ತರ, ನಮ್ಮ ಬೋರ್ಡಿಗೆ ಬರ್ರಿ" ಎಂದಾಗ ಅವರು ಯೋಚಿಸಿ ಹೇಳುತ್ತೇನೆ ಎಂದಿದ್ದರೂ ಯೋಚಿಸಿರಲಿಲ್ಲ. ಆ ಮೊದಲ ವರ್ಷ ಈಗ ಕಾರಿನ ಕಿಟಕಿಯಿಂದ ಕೆರೆಯ ಹಾಗೆ ಕಂಡಿತು, ಮತ್ತು ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಫ್ಯಾಕ್ಟರಿಯ ಗೇಟಿನ ಎದುರು, ರಸ್ತೆಯ ಆಚೆ ಬದಿ ಬೇವಿನ ಮರದ ಕೆಳಗೆ ಪೆಂಡಾಲು ಕಟ್ಟುತ್ತಿದ್ದರು. ನಾಲ್ಕು ಬಿದಿರು, ಮೇಲೊಂದು ಬಣ್ಣಗೆಟ್ಟ ಬಟ್ಟೆ. ಇಬ್ಬರು ಹೆಂಗಸರು ಹಗ್ಗ ಹಿಡಿದು ನಿಂತಿದ್ದರು. "ನಾಳೆ ಕೂಡ್ತಾರಂತ್ರಿ" ಎಂದ ಬೀರಲಿಂಗಪ್ಪ ಕನ್ನಡಿಯಲ್ಲಿ ಅವರ ಮುಖ ನೋಡುತ್ತ. "ಕೂಡೂದಿಲ್ಲಂತನೂ ಹೇಳ್ತಾರ. ಯಾರೋ ದೊಡ್ಡವರು ಮಾತಾಡ್ತಾರಂತ." ಮಡಿವಾಳಪ್ಪ ಹೂಂ ಎಂದರು. ಇವನಿಗೆ ಗೊತ್ತಿರಬಹುದೆ? ಎಷ್ಟು ಗೊತ್ತಿರಬಹುದು?

ಮೀಟಿಂಗಿಗೆ ಇನ್ನೂ ಹೊತ್ತಿತ್ತು. ರಿಸೆಪ್ಷನ್ನಿನ ಹುಡುಗಿ ಎದ್ದು ನಿಂತು, ಎಂ.ಡಿ. ಸಾಹೇಬರು ಮೊದಲು ತಮ್ಮ ಕೋಣೆಗೆ ಬರಲು ಹೇಳಿದ್ದಾರೆ ಎಂದಳು. ಹೋಗಬಾರದು. ಯಾರ ಸಂಬಳ ನಿರ್ಧರಿಸಬೇಕೋ ಅವನ ಕೋಣೆಗೆ ಸಭೆಯ ಮೊದಲು ಹೋಗಬಾರದು, ಇದು ಕಾನೂನಿನ ಯಾವ ಕಲಮಿನಲ್ಲೂ ಇಲ್ಲ, ಆದರೆ ಸಣ್ಣ ಕೂಸಿಗೂ ಗೊತ್ತಾಗುವಂಥದ್ದು. ಒಲ್ಲೆ ಎಂದು ಆ ಹುಡುಗಿಗೆ ಹೇಗೆ ಹೇಳುವುದು? ಅವಳೇನು ತಪ್ಪು ಮಾಡಿದ್ದಾಳೆ? ಹೀಗೆ ನೆಪವನ್ನು ಅವಳ ಮೇಲೆ ಹಾಕಿ ಅವರು ಹೋದರು.

ಕೋಣೆಯಲ್ಲಿ ಎ.ಸಿ. ಮೈ ಕೊರೆಯುತ್ತಿತ್ತು. ಗೋಡೆಯ ಮೇಲೆ ಗುರುಶಿದ್ದಪ್ಪನವರ ದೊಡ್ಡ ಫೋಟೋ, ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಬಿಳಿಯ ಟಾವೆಲ್ಲು. ಮಗ ಬಸವಕಿರಣ ಮೇಜಿನ ಹಿಂದಿನಿಂದ ಎದ್ದು ಬಂದು ಬಗ್ಗಿ ಕಾಲು ಮುಟ್ಟಿದ. ಸಾಲಿ ಕಲಿತದ್ದು ಧಾರವಾಡ, ದೊಡ್ಡ ಓದು ಪರದೇಶ. ಆದರೂ ಕಾಲು ಮುಟ್ಟುವುದನ್ನು ಬಿಟ್ಟವನಲ್ಲ. ಮುಟ್ಟುವಾಗ ಬೆರಳ ತುದಿಯಿಂದಲ್ಲ, ಇಡೀ ಅಂಗೈಯಿಂದ ಮುಟ್ಟುತ್ತಿದ್ದ. ಇವನನ್ನು ದ್ವೇಷಿಸುವುದು ಸುಲಭವಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮಡಿವಾಳಪ್ಪನವರಿಗೆ ಅನ್ನಿಸಿತು.

"ಐದು ವರ್ಷ ನಮ್ಮ ಮನಿತನಕ್ಕ ದಾರಿ ತೋರಿಸೀರಿ ಸರ್. ಮುಂದನೂ ನೀವ ಇರಬೇಕು. ಅಪ್ಪಾರ ಇಚ್ಛಾನೂ ಅದ ಇತ್ತು" ಎನ್ನುತ್ತ ಬಸವಕಿರಣ ಮೇಜಿನ ಮೇಲಿದ್ದ ಪೆಟ್ಟಿಗೆಯಿಂದ ಶಾಲು ತೆಗೆದ. ಕೆಂಪು ಶಾಲು, ಜರಿಯ ಅಂಚು. ಬಿಚ್ಚಿ ಹೊದಿಸಿದ. ಚಳಿಗೆ ಅದು ಹಿತವಾಯಿತು, ಮೊದಲು ಗೊತ್ತಾದದ್ದು ಅದೇ. ಫೋಟೋ ತೆಗೆಯಲು ಯಾರೂ ಇರಲಿಲ್ಲ. ಕೋಣೆಯಲ್ಲಿ ಇಬ್ಬರೇ. ಶಾಲಿನ ಎರಡೂ ತುದಿ ಎದೆಯ ಮೇಲೆ ಕೂಡಿಸುತ್ತ ಬಸವಕಿರಣ ತನ್ನ ಬಲಗೈಯನ್ನು ಅದರೊಳಗೆ ಜಾರಿಸಿ ಮಡಿವಾಳಪ್ಪನವರ ಬಲಗೈ ಹಿಡಿದ. ಆಶೀರ್ವಾದ ಕೇಳುತ್ತಿದ್ದಾನೆ ಎಂದುಕೊಂಡರು. ಆಮೇಲೆ ಬೆರಳುಗಳು ಬೆರಳುಗಳನ್ನು ಹುಡುಕಿದವು. ನಾಲ್ಕು ಬೆರಳು ಒಟ್ಟಿಗೆ ಹಿಡಿದು ಒಮ್ಮೆ ಒತ್ತಿದವು.

ಹುಬ್ಬಳ್ಳಿಯ ಹತ್ತಿ ಪ್ಯಾಟೆಯಲ್ಲಿ ಮಡಿವಾಳಪ್ಪನವರ ತಂದೆ ತೂಕದ ಕೆಲಸ ಮಾಡುತ್ತಿದ್ದರು. ಹತ್ತಿ ತುಂಬಿದ ಅಂಡಿಗೆಗಳ ನಡುವೆ ಕೊಳ್ಳುವವನು, ಮಾರುವವನು ಇಬ್ಬರು ನಿಲ್ಲುತ್ತಿದ್ದರು, ಕೈಗಳ ಮೇಲೊಂದು ಟಾವೆಲ್ಲು ಹಾಕಿಕೊಂಡು. ಬಾಯಲ್ಲಿ ಮಳೆ ಬೆಳೆ ಬೀಗರ ಮಾತು. ಟಾವೆಲ್ಲಿನ ಕೆಳಗೆ ದರ. ಯಾವ ಬೆರಳು ಹಿಡಿದರೆ ಎಷ್ಟು, ಯಾವ ಗೆಣ್ಣು ಮುಟ್ಟಿದರೆ ಎಷ್ಟು ಎಂದು ಸುತ್ತ ನಿಂತವರಿಗೆ ಕಾಣುವಂತಿಲ್ಲ. ಒಪ್ಪದವನು ಕೈ ಎಳೆದುಕೊಳ್ಳುತ್ತಾನೆ. ಒಪ್ಪಿದವನು ತಿರುಗಿ ಒತ್ತುತ್ತಾನೆ. ಒತ್ತಿದ ಮೇಲೆ ಮುಗಿಯಿತು, ಸೂರ್ಯ ಪಶ್ಚಿಮಕ್ಕೆ ಹುಟ್ಟಿದರೂ ಆ ದರ ಬದಲಾಗುವುದಿಲ್ಲ. "ನಾಲಿಗಿಗೆ ಎಲುಬಿಲ್ಲ, ಎತ್ತ ಬೇಕತ್ತ ಹೊರಳತೈತಿ. ಬೆರಳಿಗೆ ಎಲುಬೈತಿ ತಮ್ಮಾ" ಎನ್ನುತ್ತಿದ್ದರು ತಂದೆ. ಗುರುಶಿದ್ದಪ್ಪನವರು ಹತ್ತಿ ಬಿಟ್ಟು ವಾಲ್ವಿಗೆ ಬಂದ ಮೇಲೂ ದೊಡ್ಡ ಮ್ಯಾನೇಜರುಗಳ ಪಗಾರವನ್ನು ಹೀಗೆಯೇ ಟಾವೆಲ್ಲಿನ ಕೆಳಗೆ ಮುಗಿಸುತ್ತಿದ್ದರಂತೆ. ಆ ಕತೆಯನ್ನು ಮಡಿವಾಳಪ್ಪ ತರಗತಿಯಲ್ಲಿ ಹೇಳುತ್ತಿದ್ದರು: ಒಂದು ಕಾಲದಲ್ಲಿ ಹಿಂಗಿತ್ತು, ಈಗ ಕಾನೂನು ಬಂದೈತಿ, ಈಗ ಎಲ್ಲಾ ಬೆಳಕಿನ್ಯಾಗ.

"ಅಪ್ಪಾರ ಭಾಷಾ" ಎಂದ ಬಸವಕಿರಣ ಮೆಲ್ಲಗೆ. "ನಿಮಗ ಹೇಳೂದೇನು ಬ್ಯಾಡ. ನಿಮ್ಮ ತಂದಿಯವರೂ ಪ್ಯಾಟಿಯೊಳಗ ಇದ್ರು ಅಂತ ಅಪ್ಪಾರು ಹೇಳತಿದ್ರು. ಮೈಲಾರಲಿಂಗಪ್ಪ ಕಾಕಾರನ್ನ ಬಿಟ್ರ, ಬೋರ್ಡಿನ್ಯಾಗ ಇರೋ ಮಂದಿಯೊಳಗ ಇದು ತಿಳಿಯೂದು ನಿಮಗೊಬ್ಬರಿಗೆ."

ಅವನ ಕೈ ಬೆಚ್ಚಗಿತ್ತು. ಮುಖದಲ್ಲಿ ಠಕ್ಕತನವೇನೂ ಕಾಣಲಿಲ್ಲ; ಕಣ್ಣಲ್ಲಿ ಸಣ್ಣಗೆ ನೀರು ಕೂಡ ಇತ್ತು, ತಂದೆಯ ಮಾತು ಬಂದಿದ್ದಕ್ಕೆ. ಅವನು ಕೇಳುತ್ತಿರುವುದು ಪಗಾರಕ್ಕೆ ಒಪ್ಪಿಗೆ, ಕೈ ಎಳೆದುಕೊಳ್ಳಬೇಕು ಎಂದು ಮಡಿವಾಳಪ್ಪನವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಎಳೆದುಕೊಳ್ಳುವುದು ಎಂದರೆ ಎಷ್ಟು ಹೊತ್ತಿನ ಕೆಲಸ? ಈಗ ಎಳೆದುಕೊಳ್ಳುತ್ತೇನೆ ಎಂದುಕೊಂಡರು. ಯಾರೂ ಅವರ ಕೈಯನ್ನು ಇಷ್ಟು ಹೊತ್ತು ಹಿಡಿದು ಎಷ್ಟು ವರ್ಷವಾಗಿತ್ತೋ. ತಮ್ಮ ತಂದೆ ಜೀವಮಾನವಿಡೀ ಅಂಡಿಗೆ ತೂಗಿದರು, ಆ ಟಾವೆಲ್ಲಿನ ಕೆಳಗೆ ಅವರ ಕೈ ಒಮ್ಮೆಯೂ ಹೋಗಿರಲಿಲ್ಲ. ಅದು ಧಣಿಗಳ ಆಟ. ತೂಕದವನು ದೂರ ನಿಂತು ನೋಡಬೇಕು. ಈಗ ಅದರೊಳಗೆ ತಮ್ಮ ಕೈ ಇದೆ ಎಂಬ ಯೋಚನೆ ಎಲ್ಲಿಂದಲೋ ಬಂತು, ಬಂದು ಎದೆಯಲ್ಲಿ ಹಾಲಿನ ಹಾಗೆ ಉಕ್ಕಿತು. ಬೆರಳುಗಳು ಮಡಚಿಕೊಂಡವು. ಒತ್ತಿದವು.

ಒತ್ತಿದವೆ? ಬಸವಕಿರಣ ನಕ್ಕು ಕೈ ಬಿಟ್ಟ. "ಚಾ ತಗೊಳ್ರಿ ಸರ್" ಎಂದ.

ಮೀಟಿಂಗಿನ ಕೋಣೆಯವರೆಗಿನ ಕಾರಿಡಾರಿನಲ್ಲಿ ಮಡಿವಾಳಪ್ಪ ಆ ಕೈಯನ್ನು ಪರೀಕ್ಷಿಸುತ್ತ ನಡೆದರು. ಅದು ನಡುಕವಿರಬಹುದು. ಎ.ಸಿ. ಚಳಿಗೆ ಬೆರಳು ತಾವಾಗಿ ಮುದುಡಿರಬಹುದು. ವಯಸ್ಸಾದ ಮೇಲೆ ಕೈ ಹೇಳಿದ ಮಾತು ಕೇಳುವುದಿಲ್ಲ. ಇದನ್ನೇನು ನ್ಯಾಯಾಲಯ ಒಪ್ಪುತ್ತದೆಯೆ? ಒಪ್ಪಂದ ಎನ್ನುವುದಕ್ಕೆ ಪ್ರಸ್ತಾವ ಬೇಕು, ಸ್ವೀಕಾರ ಬೇಕು, ಮುಕ್ತ ಸಮ್ಮತಿ ಬೇಕು. ಮೊದಲ ವರ್ಷದ ಹುಡುಗನೂ ಹೇಳಿಯಾನು. ಈ ಎಲ್ಲ ಮಾತು ಅವರ ತಲೆಯಲ್ಲಿ ತರಗತಿಯ ದನಿಯಲ್ಲೇ ಕೇಳಿಸುತ್ತಿತ್ತು, ಮತ್ತು ಅದರ ಕೆಳಗೆ, ತಂದೆಯ ದನಿಯಲ್ಲಿ, ಬೆರಳಿಗೆ ಎಲುಬೈತಿ ತಮ್ಮಾ.

ಮೇಜಿನ ಮೇಲೆ ಗೋಡಂಬಿ, ಖಾರಾ, ನೀರಿನ ಬಾಟಲಿ. ಮೈಲಾರಲಿಂಗಪ್ಪ ಆಗಲೇ ಗೋಡಂಬಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡಿದ್ದರು. ಸುಲ್ತಾನಾ ಎದ್ದು ನಿಂತು ನಮಸ್ಕಾರ ಮಾಡಿದಳು. ಅವಳ ಕಣ್ಣು ಶಾಲಿನ ಮೇಲೆ ಒಮ್ಮೆ ಹೋಗಿ ಹಿಂದೆ ಬಂತು. ಶಾಲು ತೆಗೆದು ಬರಬೇಕಿತ್ತು. ಈಗ ತೆಗೆದರೆ ಎಲ್ಲರೂ ನೋಡುತ್ತಾರೆ. ಮೊದಲಿಗೆ ಅವರ ಮರುನೇಮಕ ಬಂತು. ಅವರು ಹೊರಗೆ ಹೋಗಿ ನಿಂತು, ನೀರಿನ ಯಂತ್ರದ ಪಕ್ಕದ ಅಗ್ನಿಶಾಮಕ ಸೂಚನೆಗಳನ್ನು ಓದಿ ಮುಗಿಸುವಷ್ಟರಲ್ಲಿ ಕರೆ ಬಂತು. ಒಳಗೆ ಎಲ್ಲರೂ ಮುಗುಳ್ನಗುತ್ತಿದ್ದರು. ಸುಲ್ತಾನಾ ಎಲ್ಲರಿಗಿಂತ ಹೆಚ್ಚು. ನೀವು ಉಳಿದಿರಿ, ಇನ್ನು ಹೇಳಿ ಎಂಬಂತೆ ಅವರತ್ತ ಸಣ್ಣಗೆ ತಲೆಯಾಡಿಸಿದಳು.

ಆಮೇಲಿನದು ಬಸವಕಿರಣನ ಸಂಬಳ. ಈಗ ಅವನ ಸರದಿ. ಎದ್ದು ಹೊರಗೆ ಹೋದ. ಗಾಜಿನ ಬಾಗಿಲ ಆಚೆ ನಿಂತು ಫೋನಿನಲ್ಲಿ ಮಾತಾಡತೊಡಗಿದ, ಬೆನ್ನು ಇತ್ತ ಮಾಡಿ. ತನ್ನ ಹಣೆಬರಹ ಒಳಗೆ ನಿರ್ಧಾರವಾಗುತ್ತಿರುವಾಗ ಮನುಷ್ಯ ಒಮ್ಮೆಯಾದರೂ ತಿರುಗಿ ನೋಡುತ್ತಾನೆ. ಇವನು ನೋಡಲಿಲ್ಲ.

ಸುಲ್ತಾನಾ ಸ್ವಲ್ಪ ಕಾದಳು. ಅಧ್ಯಕ್ಷರು ಬಾಯಿ ತೆರೆಯದಿದ್ದಾಗ ತಾನೇ ತೆರೆದಳು. "ಲಾಭ ಇಳದೈತಿ. ಕೆಲಸದವರ ಪಗಾರ ಮೂರು ವರ್ಷದಿಂದ ನಿಂತೈತಿ. ಕಷ್ಟ ಐತಿ ಅಂತ ಅವರ ಕಡೆಯಿಂದ ಬರಸಿಕೊಂಡೀವಿ. ಹಿಂಗಿದ್ದಾಗ ಇವರದೊಂದು ದುಪ್ಪಟ್ಟ ಮಾಡಾಕ ಕಾರಣ ಏನಂತ ಬರೀಬೇಕ್ರಿ? ಅಧ್ಯಕ್ಷರು ಹೇಳ್ಲಿ."

"ಅಲ್ಲವ್ವಾ, ಮನಿ ಯಜಮಾನನ ತಾಟಿನ್ಯಾಗ ಎಷ್ಟು ರೊಟ್ಟಿ ಬಿದ್ವು ಅಂತ ಯಾರರ ಎಣಸ್ತಾರೇನು?" ಎಂದರು ಮೈಲಾರಲಿಂಗಪ್ಪ, ಸಿಟ್ಟಿಲ್ಲದೆ.

"ಎಣಸ್ಲಿಕ್ಕಂತ ನಮ್ಮನ್ನ ಕರದಾರ್ರಿ ಕಾಕಾ" ಎಂದಳು ಸುಲ್ತಾನಾ, ಮತ್ತು ತಿರುಗಿ ಮಡಿವಾಳಪ್ಪನವರನ್ನು ನೋಡಿದಳು.

ಈಗ. ಭಾಷಣವೆಲ್ಲ ಇತ್ತು, ಒಂದು ಅಕ್ಷರವೂ ಕಳೆದಿರಲಿಲ್ಲ. ಕೋಚಿಂಗ್ ಸೆಂಟರಿನ ಹುಡುಗರ ಮುಂದೆ ಎದ್ದು ನಿಂತು ಹೇಳಿ ಎಂದಿದ್ದರೆ ಈಗಲೇ ಹೇಳಿಬಿಡುತ್ತಿದ್ದರು. ಬಲಗೈ ಶಾಲಿನೊಳಗೆ ತೊಡೆಯ ಮೇಲಿತ್ತು. ಒಲ್ಲೆ ಎಂದರೆ ಬಸವಕಿರಣ ಏನೂ ಅನ್ನುವುದಿಲ್ಲ, ಅದು ಅವರಿಗೆ ಗೊತ್ತಿತ್ತು. ಬೈಯುವುದಿಲ್ಲ, ಕೆಳಗಿಳಿಸುವುದಿಲ್ಲ, ಮರುನೇಮಕ ಆಗಿಹೋಗಿದೆ, ಇನ್ನು ಯಾರ ಹಂಗೂ ಇಲ್ಲ. ಒಮ್ಮೆ ಅವರ ಕೈಯ ಕಡೆ ನೋಡುತ್ತಾನೆ, ಅಷ್ಟೆ. ತೂಕದವನ ಮಗ, ಅದಕ್ಕೇ ಹಿಂಗ, ಎಂದು ಅಂದುಕೊಳ್ಳುತ್ತಾನೆ. ಆ ಒಂದು ನೋಟದ ಮುಂದೆ ಪ್ಯಾಕಿಂಗಿನ ಅಷ್ಟೂ ಹೆಂಗಸರು ಹಗುರಾಗಿಹೋದರು. ಇದು ನಿಜ, ಇದನ್ನು ತಾನು ಯಾರಿಗೂ ಹೇಳಲಾರೆ ಎಂದು ಮಡಿವಾಳಪ್ಪನವರಿಗೆ ಹೊಳೆಯಿತು, ಮತ್ತು ಹೊಳೆದ ಮೇಲೂ ಏನೂ ಬದಲಾಗಲಿಲ್ಲ.

"ವಿಷಯ ಗಂಭೀರ ಐತಿ" ಎಂದರು. ದನಿ ಚೆನ್ನಾಗಿಯೇ ಬಂತು. "ಸುಲ್ತಾನಾ ಅವರ ಮಾತಿನ್ಯಾಗ ತಥ್ಯ ಐತಿ. ಪುಣೆಯವರ ಅಧ್ಯಯನಾನೂ ತಳ್ಳಿಹಾಕಾಕ ಬರೂದಿಲ್ಲ. ಈಗ ಒಪ್ಪಿಗಿ ಕೊಟ್ಟು, ಮುಂದಿನ ವರ್ಷ ಪುನರ್ವಿಮರ್ಶೆ ಮಾಡಬೇಕು ಅಂತ ಒಂದು ಸಾಲು ಸೇರಸೋಣ." ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೈಲಾರಲಿಂಗಪ್ಪ "ಛಲೋ ಆತು" ಎಂದು ಇನ್ನೊಂದು ಗೋಡಂಬಿ ತೆಗೆದುಕೊಂಡರು.

"ನೀವು ಹೇಳೂದು ಇಷ್ಟ ಏನ್ರಿ ಸರ್?" ಎಂದಳು ಸುಲ್ತಾನಾ.

"ಇಷ್ಟ."

ಅವಳು ಜಗಳಾಡಿದ್ದರೆ ಆಗುತ್ತಿತ್ತು. ಸುಮ್ಮನೆ ಲ್ಯಾಪ್‌ಟಾಪು ಮುಚ್ಚಿದಳು. ಸಭೆಯ ಟಿಪ್ಪಣಿ ಬರೆಯುತ್ತಿದ್ದ ಕಂಪನಿಯ ಕಾರ್ಯದರ್ಶಿ ಪೆನ್ನು ಹಿಡಿದು, ಮೇಡಂ ತಮ್ಮ ಅಭಿಪ್ರಾಯ ಬೇರೆ ಬರೆದುಕೊಳ್ಳಲೆ ಎಂದು ಕೇಳಿದ. "ಬ್ಯಾಡ್ರಿ" ಎಂದಳು. "ಒಬ್ಬಾಕಿಂದು ಬರದು ಏನ್ ಮಾಡ್ತೀರಿ? ಎಲ್ಲಾರೂ ಒಪ್ಪಿದ್ರು ಅಂತ ಬರೀರಿ." ಅವಳು ಮಡಿವಾಳಪ್ಪನವರ ಕಡೆ ಮತ್ತೆ ನೋಡಲಿಲ್ಲ. ಒಂದು ವರ್ಷದ ನಂತರ, ಎರಡು ವರ್ಷದ ನಂತರ ಇನ್ನೊಂದು ಇಂಥ ಮಾತು ಬಂದರೆ ಅವಳು ಇನ್ನು ಯಾರಿಗೂ ಹಿಂದಿನ ಸಂಜೆ ಫೋನ್ ಮಾಡುವುದಿಲ್ಲ. ಅದನ್ನೂ ತಾವೇ ಮುಗಿಸಿದಂತಾಯಿತು.

ಬಸವಕಿರಣ ಒಳಗೆ ಬಂದು ಕೈ ಮುಗಿದ. ಊಟಕ್ಕೆ ಇರಿ ಎಂದ. ಹೊಟ್ಟೆ ಸರಿಯಿಲ್ಲ ಎಂದರು ಮಡಿವಾಳಪ್ಪ.

ಊಟದ ಬಿಡುವಿನ ಗಂಟೆ ಆಗಿತ್ತು. ಕಾರು ಗೇಟು ದಾಟುವಾಗ ಅವರು ಎಡಕ್ಕೆ ಮುಖ ತಿರುಗಿಸಿ ಕೂತರು, ಪೆಂಡಾಲು ಬಲಕ್ಕಿತ್ತು. ಲಾರಿಯೊಂದು ಅಡ್ಡ ಬಂದು ಬೀರಲಿಂಗಪ್ಪ ಕಾರು ನಿಲ್ಲಿಸಬೇಕಾಯಿತು. ಕಿಟಕಿಯ ಮೇಲೆ ಮೆಲ್ಲಗೆ ಬಡಿದ ಸದ್ದು. ದ್ರಾಕ್ಷಾಯಿಣಿ. ನೀಲಿ ಕೋಟಿನ ಮೇಲೆ ಮರದ ಹೊಟ್ಟು ಅಂಟಿತ್ತು. ಹಿಂದೆ ನಾಲ್ಕೈದು ಹೆಂಗಸರು, ಬುತ್ತಿಯ ಡಬ್ಬಿ ಕೈಯಲ್ಲಿ ಹಿಡಿದು, ಇನ್ನೂ ಮುಚ್ಚಳ ತೆಗೆಯದೆ. ಬೀರಲಿಂಗಪ್ಪನೇ ಗಾಜು ಇಳಿಸಿದ.

"ಹೇಳಿದ್ರೇನ್ರಿ ಸರ್?"

ಇಲ್ಲ ಎನ್ನಬಹುದಿತ್ತು. ಇಲ್ಲವಾ, ನನ್ನ ಕೈಲಿ ಆಗಲಿಲ್ಲ, ನೀವು ನಾಳೆ ಕೂಡ್ರಿ. ಇಷ್ಟೇ ಮಾತು. ಅವಳ ಕೈಯಲ್ಲಿ ಉಳಿದಿದ್ದ ಒಂದೇ ದಿನ ನಾಳೆ, ಮತ್ತು ಅದು ಈಗ ಈ ಕಾರಿನ ಕಿಟಕಿಯಲ್ಲಿ ಇತ್ತು. ಅವಳು ಅವರ ಮುಖ ನೋಡುತ್ತಿದ್ದ ರೀತಿಗೆ ಅವರು ನಿಜ ಹೇಳಲಾರದೆ ಹೋದರು.

"ಹೇಳಿದೆ" ಎಂದರು.

"ಏನಂದ್ರು?"

"ಪುನರ್ವಿಮರ್ಶೆ ಮಾಡಬೇಕಂತ ಬರಸೀನಿ."

"ಅಂದ್ರ ಸರ್?"

"ಮತ್ತೊಮ್ಮೆ ನೋಡ್ತಾರಂತ."

ಅವಳು ಹಿಂದೆ ತಿರುಗಿದಳು. "ಮತ್ತೊಮ್ಮೆ ನೋಡ್ತಾರಂತ! ಸರ್ ಬರಸ್ಯಾರಂತ! ನಾ ಹೇಳಿರಲಿಲ್ಲಾ?" ಹೆಂಗಸರಲ್ಲಿ ಒಬ್ಬಳು ಕುಕ್ಕರುಗಾಲಲ್ಲಿ ಅಲ್ಲೇ ಕೂತುಬಿಟ್ಟಳು, ಭಾರ ಇಳಿದವರ ಹಾಗೆ. ಇನ್ನೊಬ್ಬಳು ಕೈ ಮುಗಿದಳು. ದ್ರಾಕ್ಷಾಯಿಣಿ ಮತ್ತೆ ಕಿಟಕಿಗೆ ಬಗ್ಗಿದಾಗ ಕಣ್ಣಿಗೆ ಶಾಲು ಬಿತ್ತು. ಒಂದು ಬೆರಳಿನಿಂದ ಜರಿಯ ಅಂಚನ್ನು ಮುಟ್ಟಿದಳು, ಕೊಳೆಯಾದೀತೆಂದು ಕೂಡಲೇ ಬೆರಳು ತೆಗೆದಳು. "ಶಾಲು ಹೊದಿಸ್ಯಾರ! ನಿಮ್ಮ ಮಾತಿಗೆ ಬೆಲಿ ಕೊಟ್ಟಾರ ನೋಡ್ರಿ ಸರ್" ಎಂದಳು.

ಲಾರಿ ಸರಿಯಿತು. ಧೂಳು ಬರುತ್ತದೆಂದು ಬೀರಲಿಂಗಪ್ಪ ಗಾಜು ಏರಿಸಿದ. ಗಾಜು ಏರುತ್ತಿರುವಾಗಲೂ ಹೊತ್ತಿತ್ತು. ಮಡಿವಾಳಪ್ಪ ಬಾಯಿ ತೆರೆದರು, "ತಂಗಿ" ಎಂದರು ಕೂಡ, ಆದರೆ ಅದು ಗಾಜಿನ ಒಳಗೇ ಉಳಿಯಿತು. ಬೀರಲಿಂಗಪ್ಪ ಕನ್ನಡಿಯಲ್ಲಿ 'ಏನರ ಅಂದ್ರೇನ್ರಿ' ಎಂಬಂತೆ ನೋಡಿದ. ಅವರು ಏನೂ ಇಲ್ಲ ಎಂದು ತಲೆಯಾಡಿಸಿದರು. ಬಲಗೈ ಶಾಲಿನೊಳಗೆ ಮುಷ್ಟಿಯಾಗಿತ್ತು. ಬಿಚ್ಚಲು ನೋಡಿದರು. ಬೆವರಿತ್ತು.

ಮನೆಗೆ ಹೋದರೆ ಶಾಂಭವಿ ಕೇಳುತ್ತಾಳೆ. ಕೇಳದೆಯೂ ಇರಬಹುದು, ಶಾಲು ಇಸಿದುಕೊಂಡು ಟ್ರಂಕಿನಲ್ಲಿ ಉಳಿದ ಶಾಲುಗಳ ಮೇಲೆ ಇಡಬಹುದು. ಬರುವ ವರ್ಷ ಆ ನುಣುಪು ಕಾಗದದ ಪುಸ್ತಕ ಬರುತ್ತದೆ, ಅದರಲ್ಲಿ ಅವರ ಫೋಟೋ, ಅದರ ಕೆಳಗೆ ಎಲ್ಲರೂ ಒಪ್ಪಿದರು ಎಂಬ ಸಾಲು. ಉಳಿದವರು ರಟ್ಟು ಹಾಕುತ್ತಾರೆ. ದ್ರಾಕ್ಷಾಯಿಣಿ ಓದುತ್ತಾಳೆ.

"ಬಿಚ್ಚಾಕತ್ತಾರ ನೋಡ್ರಿ ಸರ್" ಎಂದ ಬೀರಲಿಂಗಪ್ಪ.

ಮಡಿವಾಳಪ್ಪ ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದರು. ಬೇವಿನ ಮರದ ಕೆಳಗೆ ಪೆಂಡಾಲಿನ ಬಟ್ಟೆ ಆಗಲೇ ಕೆಳಗಿಳಿದಿತ್ತು. ದ್ರಾಕ್ಷಾಯಿಣಿ ಮತ್ತು ಇನ್ನೊಬ್ಬ ಹೆಂಗಸು ಎರಡು ತುದಿ ಹಿಡಿದು, ಎದುರುಬದುರು ನಡೆದು ಬಂದು, ತುದಿಗೆ ತುದಿ ಕೂಡಿಸಿ ಮಡಚುತ್ತಿದ್ದರು. ಅವರು ಏನೋ ಮಾತಾಡಿಕೊಂಡು ನಗುತ್ತಿದ್ದರು. ಕಾರು ಧಾರವಾಡದ ರಸ್ತೆಗೆ ತಿರುಗಿತು.